ಟ್ಯಾಕ್ಸಿ ಚಾಲಕ ನಂಬರ್ 2: ಒಬ್ಬ ಇರಾನಿ-ಅಮೆರಿಕನ್ ಪೋಷಕ ನಟರ ವೃತ್ತಿ, ಒಂದು ಪ್ರಕರಣ ಅಧ್ಯಯನ

ಹಾಲಿವುಡ್ಡಿನ ವಲಸಿಗ ನಟರ ಬಗ್ಗೆ ಮಾತು ಬಂದಾಗಲೆಲ್ಲ ಎರಡು ಬಗೆಯ ಸಲಹೆಗಳು ಕೇಳಿಬರುತ್ತವೆ. ಸಿಕ್ಕಿದ ಪಾತ್ರವನ್ನು ಬಿಡದೆ ಮಾಡಬೇಕು ಎಂಬುದು ಒಂದು. ತನ್ನ ಜನರನ್ನು ಹೀಗಳೆಯುವ ಪಾತ್ರವನ್ನು ಮುಟ್ಟಲೇಬಾರದು ಎಂಬುದು ಇನ್ನೊಂದು. ಈ ಅಧ್ಯಯನದ ನಟರು ಎರಡನ್ನೂ ಪ್ರಾಮಾಣಿಕವಾಗಿ ಪಾಲಿಸಿ ನೋಡಿದವರು. ಮೊದಲನೆಯದು ಹಣ ತಂದಿತು, ಎರಡನೆಯದು ಆರೋಗ್ಯ ವಿಮೆಯನ್ನು ಕಳೆಯಿತು. ಅವರ ವೃತ್ತಿ ತಿರುಗಿದ್ದು ಮಾತ್ರ ಇವೆರಡರಿಂದಲೂ ಅಲ್ಲ, ಸೆಟ್ಟಿನ ಗೋಡೆಯ ಮೇಲೆ ತಪ್ಪಾಗಿ ಬರೆದಿದ್ದ ಒಂದು ಅಂಗಡಿ ಫಲಕದಿಂದ.

ಅವರ ಹೆಸರು, ಅಭಿನಯಿಸಿದ ಧಾರಾವಾಹಿಗಳು, ಏಜೆಂಟರ ಗುರುತು ಇಲ್ಲಿಲ್ಲ. ವೈಯಕ್ತಿಕ ಘಟನೆಗಳ ವರ್ಷಗಳನ್ನು ತುಸು ಹಿಂದೆ ಮುಂದೆ ಸರಿಸಲಾಗಿದೆ; ಗುರುತು ಸಿಗದಿರಲೆಂದು ಅದೇ ದಾರಿಯಲ್ಲಿ ನಡೆದ ಬೇರೆ ನಟರ ಕೆಲವು ಅನುಭವಗಳನ್ನೂ ಬೆರೆಸಲಾಗಿದೆ. ಸಾರ್ವಜನಿಕ ಘಟನೆಗಳು, ದಿನಾಂಕಗಳು ಮತ್ತು ದರಗಳು ಇದ್ದಂತೆಯೇ ಇವೆ.

ಹಿನ್ನೆಲೆ

ನಟರು ಹುಟ್ಟಿದ್ದು 1950ರ ದಶಕದ ನಡುವೆ, ತೆಹರಾನಿನಲ್ಲಿ. ಬಾಲ್ಯದಲ್ಲಿ ಅವರು ನೋಡಿದ ಮೊದಲ ನಾಟಕ ‘ರೂಹೋಜಿ’. ಮದುವೆ ಮನೆಗಳಲ್ಲಿ ಅಂಗಳದ ನೀರಿನ ಕೊಳಕ್ಕೆ ಹಲಗೆ ಹಾಸಿ, ಅದರ ಮೇಲೆ ಆಡುತ್ತಿದ್ದ ಹಾಸ್ಯ ನಾಟಕವಿದು. ಹೆಸರಿನ ಅರ್ಥವೇ ‘ಕೊಳದ ಮೇಲೆ’ ಎಂದು. ಮುಂದೆ ಕಾಲೇಜಿನ ದಿನಗಳಲ್ಲಿ, 1970ರ ದಶಕದ ಆರಂಭದಲ್ಲಿ ತೆರೆದ ನಗರ ರಂಗಮಂದಿರದ ಹಿಂದಿನ ಸಾಲುಗಳಲ್ಲಿ ಕುಳಿತು ಆಧುನಿಕ ನಾಟಕಗಳನ್ನು ನೋಡಿದರು. ಎಂಜಿನಿಯರಿಂಗ್ ಓದಲೆಂದು ತಂದೆ 1977ರಲ್ಲಿ ಅಮೆರಿಕಕ್ಕೆ ಕಳುಹಿಸಿದರೆ, ಮೂರನೆಯ ಸೆಮಿಸ್ಟರಿನ ಹೊತ್ತಿಗೆ ಅವರು ನಾಟಕ ವಿಭಾಗದ ಬಾಗಿಲಲ್ಲಿದ್ದರು.

ಆ ಕಾಲಕ್ಕೆ ಅಮೆರಿಕದಲ್ಲಿ ಓದುತ್ತಿದ್ದ ವಿದೇಶಿ ವಿದ್ಯಾರ್ಥಿಗಳಲ್ಲಿ ಇರಾನಿಯರದೇ ದೊಡ್ಡ ಗುಂಪು. 1979-80ರಲ್ಲಿ ಅವರ ಸಂಖ್ಯೆ 50,000 ದಾಟಿತ್ತು. 1979ರ ನವೆಂಬರ್ 4ರಂದು ತೆಹರಾನಿನ ಅಮೆರಿಕನ್ ರಾಯಭಾರ ಕಚೇರಿಯನ್ನು ವಿದ್ಯಾರ್ಥಿಗಳು ವಶಪಡಿಸಿಕೊಂಡರು. 52 ಜನ ಒತ್ತೆಯಾಳುಗಳ ಸೆರೆ 444 ದಿನ ನಡೆಯಿತು. ಅದೇ ನವೆಂಬರಿನಲ್ಲಿ, ಇರಾನಿ ವಿದ್ಯಾರ್ಥಿಗಳೆಲ್ಲರೂ ವಲಸೆ ಕಚೇರಿಗೆ ಹಾಜರಾಗಿ ಕಾಗದಪತ್ರ ತೋರಿಸಬೇಕೆಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಆದೇಶಿಸಿದರು. ನಮ್ಮ ನಟರು ಆ ಸಾಲಿನಲ್ಲಿ ನಿಂತವರು. ಯಾರಾದರೂ ಊರು ಕೇಳಿದರೆ ‘ಇರಾನಿ’ ಎನ್ನುವ ಬದಲು ‘ಪರ್ಷಿಯನ್’ ಎನ್ನುವ ಅಭ್ಯಾಸ ಅಲ್ಲಿಂದ ಶುರುವಾಯಿತು ಎಂದು ಅವರು ನೆನೆಯುತ್ತಾರೆ. ಬೆಕ್ಕನ್ನೂ ರತ್ನಗಂಬಳಿಯನ್ನೂ ನೆನಪಿಸುವ ಆ ಪದಕ್ಕೆ ಹೆದರುವವರು ಇರಲಿಲ್ಲ.

1980ರ ದಶಕದ ಆರಂಭದಲ್ಲಿ ಅವರು ಲಾಸ್ ಏಂಜಲೀಸಿಗೆ ಬಂದರು. 1979ರ ಇಸ್ಲಾಮಿಕ್ ಕ್ರಾಂತಿಯ ನಂತರ ದೇಶ ಬಿಟ್ಟ ಇರಾನಿಯರು ವೆಸ್ಟ್‌ವುಡ್ ಸುತ್ತಮುತ್ತ ನೆಲೆಸಿ, ಆ ಪ್ರದೇಶಕ್ಕೆ ‘ತೆಹರಾಂಜಲೀಸ್’ ಎಂಬ ಅಡ್ಡಹೆಸರು ಬರುವಂತೆ ಮಾಡಿದ್ದ ಕಾಲವದು. ಹಗಲು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ, ವಾರದ ಕೊನೆಗೆ ದೇಶಭ್ರಷ್ಟರ ಪರ್ಷಿಯನ್ ನಾಟಕಗಳಲ್ಲಿ ಪಾತ್ರ. ನಟರ ಒಕ್ಕೂಟದ ಸದಸ್ಯತ್ವ ಸಿಕ್ಕಿದ್ದು ಆಕಸ್ಮಿಕವಾಗಿ. ಮಾರುಕಟ್ಟೆಯ ದೃಶ್ಯವೊಂದರ ಗುಂಪಿನಲ್ಲಿ ನಿಂತಿದ್ದವರಿಗೆ ನಿರ್ದೇಶಕರು ಒಂದು ಸಾಲು ಮಾತು ಕೊಟ್ಟರು. ಬಾಯಿ ತೆರೆದು ಮಾತಾಡಿದ ಕೂಡಲೇ ಗುಂಪಿನ ನಟ ‘ಪಾತ್ರಧಾರಿ’ ಆಗುತ್ತಾನೆ. 1947ರ ಟಾಫ್ಟ್-ಹಾರ್ಟ್ಲಿ ಕಾನೂನಿನ ಪ್ರಕಾರ ಸದಸ್ಯನಲ್ಲದವನೂ ಹಾಗೆ ಕೆಲಸ ಮಾಡಿ ಒಕ್ಕೂಟ ಸೇರುವ ಅರ್ಹತೆ ಗಳಿಸಬಹುದು. ಅಂದು ಅವರು ಆಡಿದ ಮಾತು ದಾಳಿಂಬೆಯ ಬೆಲೆ.

ಸಮಸ್ಯೆ

ಮೊದಲ ಹನ್ನೆರಡು ವರ್ಷಗಳಲ್ಲಿ ಅವರಿಗೆ ಬಂದ ಪಾತ್ರಗಳಿಗೆ ಹೆಚ್ಚು ವಿವರಣೆ ಬೇಕಿಲ್ಲ: ಟ್ಯಾಕ್ಸಿ ಚಾಲಕ, ದಿನಸಿ ಅಂಗಡಿಯವನು, ಮುತ್ತಿಗೆ ಹಾಕಿದವನು. ಟ್ಯಾಕ್ಸಿ ಚಾಲಕ ಕೆಲವೊಮ್ಮೆ ಪಾಕಿಸ್ತಾನಿ, ಕೆಲವೊಮ್ಮೆ ಅರಬ್, ಎರಡು ಸಲ ಭಾರತೀಯ. ಚಿತ್ರಕಥೆಯಲ್ಲಿ ಹೆಸರಿನ ಬದಲು ಸಂಖ್ಯೆ ಇರುತ್ತಿತ್ತು.

ಇದನ್ನು ಬರೀ ಅವಮಾನದ ಪ್ರಶ್ನೆಯಾಗಿ ನೋಡಿದರೆ ಅರ್ಧ ಮಾತ್ರ ಕಾಣುತ್ತದೆ, ಉಳಿದರ್ಧ ಲೆಕ್ಕದ್ದು. 2023ರ ನಟರ ಮುಷ್ಕರಕ್ಕೆ ಮುನ್ನ ಒಂದು ದಿನದ ಪಾತ್ರಕ್ಕೆ ಒಕ್ಕೂಟದ ಕನಿಷ್ಠ ದರ 1,082 ಡಾಲರ್. ಅದೇ ಹೊತ್ತಿನಲ್ಲಿ ಒಕ್ಕೂಟದ ಆರೋಗ್ಯ ವಿಮೆಗೆ ಅರ್ಹನಾಗಲು ನಟ ವರ್ಷಕ್ಕೆ 26,470 ಡಾಲರ್ ದುಡಿದಿರಬೇಕಿತ್ತು. ಅಂದರೆ ಕನಿಷ್ಠ ದರದ ನಟನಿಗೆ ವರ್ಷದಲ್ಲಿ 25 ದಿನಗಳ ಕೆಲಸ ಬೇಕು. ಮರುಪ್ರಸಾರದ ಸಂಭಾವನೆ ಸೇರಿದರೆ ದಿನಗಳು ಕಡಿಮೆಯಾದಾವು; ಆದರೂ ಒಂದು ದಿನದ ಪಾತ್ರಗಳನ್ನೇ ಕೂಡಿಸಿ ಆ ಗೆರೆ ಮುಟ್ಟಬೇಕಾದವನು ತಿಂಗಳಿಗೆ ಎರಡು ಸಲವಾದರೂ ಆಯ್ಕೆಯಾಗಬೇಕು, ಒಂದು ಆಯ್ಕೆಗೆ ಎಷ್ಟು ಆಡಿಷನ್ ಬೇಕೆಂಬುದನ್ನು ಈ ವೃತ್ತಿಯವರೇ ಬಲ್ಲರು. ಹಿಂದಿನ ದಶಕಗಳಲ್ಲಿ ಅಂಕಿಗಳು ಸಣ್ಣವಿದ್ದವು, ಅವುಗಳ ನಡುವಿನ ಇಕ್ಕಟ್ಟು ಇದೇ. ಹೆಸರಿಲ್ಲದ ಪಾತ್ರ ಒಂದು ದಿನದಲ್ಲಿ ಮುಗಿಯುತ್ತದೆ. ಹೆಸರಿರುವ ಪಾತ್ರ ಮತ್ತೊಂದು ಕಂತಿಗೆ ಮರಳಿ ಬರಬಹುದು. ಪಾತ್ರಕ್ಕೆ ಹೆಸರು ಕೇಳುವುದು ಸ್ವಾಭಿಮಾನದ ಮಾತೆಂದು ನಾವು ತಿಳಿಯುತ್ತೇವೆ, ಅದು ಊಟದ ಮಾತೂ ಹೌದು.

ಇನ್ನೊಂದು ವಿಚಿತ್ರವೂ ಇತ್ತು. ಅಮೆರಿಕ ಸರಕಾರದ ವರ್ಗೀಕರಣದಲ್ಲಿ ಮಧ್ಯಪ್ರಾಚ್ಯದವರು ‘ಬಿಳಿಯರು’. ಪ್ರತ್ಯೇಕ ವರ್ಗವೊಂದನ್ನು ಸೇರಿಸುವ ತೀರ್ಮಾನವಾದದ್ದು 2024ರ ಮಾರ್ಚಿನಲ್ಲಷ್ಟೇ. ಹೀಗಾಗಿ ಕಾಗದದಲ್ಲಿ ಬಿಳಿಯರಾಗಿದ್ದ ಈ ನಟರಿಗೆ ಕ್ಯಾಮೆರಾದ ಮುಂದೆ ಬಿಳಿಯನ ಪಾತ್ರ ಒಂದೂ ಬರಲಿಲ್ಲ, ತಾರತಮ್ಯ ನಡೆದಿದೆ ಎಂದು ತೋರಿಸಲು ಬೇಕಾದ ಅಂಕಿಗಳನ್ನೂ ಬಹುಕಾಲ ಯಾರೂ ಎಣಿಸಲಿಲ್ಲ. ಕೊನೆಗೆ ಎಣಿಸಿದಾಗ, 2015-16ರ ಸಾಲಿನ 242 ಧಾರಾವಾಹಿಗಳ ಖಾಯಂ ಪಾತ್ರಧಾರಿಗಳಲ್ಲಿ ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕ ಮೂಲದವರು ಶೇ. 1ರಷ್ಟು ಮಾತ್ರ ಎಂದೂ, ಆ ಮೂಲದ ಪಾತ್ರಗಳಲ್ಲಿ ಶೇ. 78 ಭಯೋತ್ಪಾದಕ, ಗೂಢಚಾರ, ಸೈನಿಕ ಅಥವಾ ಸರ್ವಾಧಿಕಾರಿಯವು ಎಂದೂ ತಿಳಿಯಿತು.

ಎರಡು ಪ್ರಯತ್ನಗಳು

ಮೊದಲ ಪ್ರಯತ್ನ ಗುರುತನ್ನು ಅಳಿಸಿಕೊಳ್ಳುವುದು. ಒಕ್ಕೂಟದ ಕಾರ್ಡಿನಲ್ಲಿ ಅವರು ಇಟ್ಟುಕೊಂಡ ಹೆಸರು ಇಟಾಲಿಯನ್ ಹೆಸರಿನಂತೆ ಕೇಳುತ್ತಿತ್ತು. ಉಚ್ಚಾರಣೆ ತಿದ್ದುವ ಶಿಕ್ಷಕಿಯ ಬಳಿ ಮೂರು ವರ್ಷ ಕಲಿತರು. ಫಲ ಮಾತ್ರ ತಿರುಗುಮುರುಗಾಯಿತು: ವೈದ್ಯನ ಪಾತ್ರಕ್ಕೆ ಹೋದರೆ ಮುಖ ಹೊರಗಿನವರದೆನಿಸುತ್ತಿತ್ತು, ಅಂಗಡಿಯವನ ಪಾತ್ರಕ್ಕೆ ಹೋದರೆ ಮಾತು ಒಳಗಿನವರದೆನಿಸುತ್ತಿತ್ತು. ‘ಸ್ವಲ್ಪ ಹೆಚ್ಚು ಉಚ್ಚಾರಣೆ ಹಾಕಬಹುದೇ?’ ಎಂದು ಕೇಳಿದಾಗ, ಯಾವ ಊರಿನದು ಬೇಕೆಂದು ಅವರು ಮರುಪ್ರಶ್ನೆ ಕೇಳಿ ಒಮ್ಮೆ ಅವಕಾಶ ಕಳೆದುಕೊಂಡದ್ದೂ ಉಂಟು. 1990ರ ದಶಕದ ಕೊನೆಗೆ ಹುಟ್ಟುಹೆಸರಿಗೆ ಮರಳಿದರು. ಎರಡು ಹೆಸರಿನ ಚೆಕ್ಕುಗಳನ್ನು ಒಂದೇ ಖಾತೆಗೆ ತರಿಸಿಕೊಳ್ಳಲು ಬೇಕಾದ ಪತ್ರವ್ಯವಹಾರದ ಬಗ್ಗೆ ಅವರು ಇಂದಿಗೂ ಬೇಸರದಿಂದ ಮಾತಾಡುತ್ತಾರೆ. ಹೊಸ ನಟರಿಗೆ ಅವರು ಮೊದಲು ಕೊಡುವ ಎಚ್ಚರಿಕೆಯೂ ಇದೇ.

2001ರ ಸೆಪ್ಟೆಂಬರ್ ನಂತರ ಕರೆಗಳು ಒಮ್ಮೆಲೇ ಹೆಚ್ಚಿದವು. ಮುಂದಿನ ಎರಡು ವರ್ಷ ಅವರ ವೃತ್ತಿಯಲ್ಲೇ ಅತಿ ಹೆಚ್ಚು ಗಳಿಕೆಯ ಕಾಲ, ಆ ಗಳಿಕೆಯಲ್ಲಿ ಬಹುಪಾಲು ಬಾಂಬು ಕಟ್ಟಿಕೊಂಡವನ ಪಾತ್ರಗಳಿಂದ ಬಂದದ್ದು. 2004ರಲ್ಲಿ ಇರಾನಿ ಮೂಲದ ಶೊಹ್ರೆ ಅಗ್ದಾಶ್ಲೂ ಪೋಷಕ ನಟಿ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ಪಡೆದಾಗ ವೆಸ್ಟ್‌ವುಡ್ಡಿನ ಅಂಗಡಿಗಳಲ್ಲಿ ಸಿಹಿ ಹಂಚಿದ್ದನ್ನು ಕಂಡು ಅವರಿಗೂ ಧೈರ್ಯ ಬಂತು. ಹಿಂಸೆಯ ಹೊರತು ಬೇರೇನೂ ಇಲ್ಲದ ಪಾತ್ರವನ್ನು ಇನ್ನು ಒಪ್ಪುವುದಿಲ್ಲ ಎಂದು ಏಜೆಂಟಿಗೆ ತಿಳಿಸಿದರು. ಏಜೆಂಟು ವಾದ ಮಾಡಲಿಲ್ಲ, ಕರೆ ಮಾಡುವುದನ್ನು ನಿಲ್ಲಿಸಿದರು. ಹದಿನಾಲ್ಕು ತಿಂಗಳಲ್ಲಿ ಮೂರು ಆಡಿಷನ್. ವಿಮೆ ಹೋಯಿತು, ಮನೆ ನಡೆದದ್ದು ದಂತವೈದ್ಯರ ಕಚೇರಿಯಲ್ಲಿದ್ದ ಹೆಂಡತಿಯ ಸಂಬಳದಿಂದ.

ಇಲ್ಲಿ ಒಂದು ಹೋಲಿಕೆ ಅಗತ್ಯ. ಇರಾನಿನಲ್ಲಿ ಹುಟ್ಟಿದ ಹಾಸ್ಯಗಾರ ಮಾಜ್ ಜೊಬ್ರಾನಿ ಭಯೋತ್ಪಾದಕನ ಪಾತ್ರಗಳನ್ನು ಮಾಡುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳಿದವರು, ಆ ನಿಲುವನ್ನೇ ವೇದಿಕೆಯ ಹಾಸ್ಯಕ್ಕೆ ವಸ್ತುವಾಗಿಸಿಕೊಂಡವರು. ಆ ನಿಲುವು ಗೌರವಕ್ಕೆ ಅರ್ಹ. ಆದರೆ ಅವರಿಗೆ ಒಬ್ಬರೇ ನಿಂತು ಸಭೆ ತುಂಬಿಸುವ ಇನ್ನೊಂದು ವೃತ್ತಿಯಿತ್ತು. ನಮ್ಮ ನಟರಿಗೆ ಇದ್ದದ್ದು ಜೆರಾಕ್ಸ್ ಅಂಗಡಿಯ ಹಳೆಯ ಪರಿಚಯ. ನಿರಾಕರಣೆಯನ್ನು ಬೋಧಿಸುವವರು ನಿರಾಕರಿಸಿದವನ ಮನೆಯ ಎರಡನೆಯ ಆದಾಯವನ್ನು ಕೇಳುವುದಿಲ್ಲ; ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ.

ಫಲಕ

ಹದಿನೈದನೆಯ ತಿಂಗಳಲ್ಲಿ ಒಂದು ದಿನದ ಪಾತ್ರ ಸಿಕ್ಕಿತು: ತೆಹರಾನಿನ ಬೀದಿಯೊಂದರಲ್ಲಿ ಔಷಧದಂಗಡಿಯವನು. ಬೀದಿಯನ್ನು ಕ್ಯಾಲಿಫೋರ್ನಿಯಾದ ಸ್ಟುಡಿಯೋ ಹಿತ್ತಲಲ್ಲಿ ಕಟ್ಟಿದ್ದರು. ಅಂಗಡಿಯ ಮೇಲಿನ ಫಲಕದಲ್ಲಿ ಪರ್ಷಿಯನ್ ಅಕ್ಷರಗಳು ಒಂದಕ್ಕೊಂದು ಕೂಡದೆ ಬಿಡಿಬಿಡಿಯಾಗಿ, ಅದೂ ಎಡದಿಂದ ಬಲಕ್ಕೆ ಸಾಲಾಗಿ ನಿಂತಿದ್ದವು. ಈ ಲಿಪಿ ಬಲದಿಂದ ಎಡಕ್ಕೆ ಹರಿಯುವಂಥದ್ದು, ಅಕ್ಷರಗಳು ಸಾಮಾನ್ಯವಾಗಿ ಕೈಕೈ ಹಿಡಿದೇ ಸಾಗುತ್ತವೆ. ಅದಕ್ಕೆ ಹೊಂದದ ತಂತ್ರಾಂಶದಲ್ಲಿ ಅಕ್ಷರ ಸುರಿದರೆ ಇಂಥ ಅನಾಹುತವಾಗುತ್ತದೆ, ಅಮೆರಿಕನ್ ಸೆಟ್ಟುಗಳಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಇರಾನಿಯರು ಅಂಥ ಫಲಕಗಳ ಚಿತ್ರಗಳನ್ನು ಕೂಡಿಟ್ಟು ನಗುತ್ತಾರೆ. ಕನ್ನಡದ ಒತ್ತಕ್ಷರಗಳು ಕಳಚಿ ಬಿದ್ದ ಬ್ಯಾನರುಗಳನ್ನು ನೋಡಿದ ನಮಗೆ ಆ ಸಂಕಟ ಹೊಸದಲ್ಲ.

ನಟರು ನಿರ್ದೇಶಕರ ಬಳಿ ಹೋಗಲಿಲ್ಲ. ಕಲಾ ವಿಭಾಗದ ಕಿರಿಯ ಸಹಾಯಕಿಯೊಬ್ಬಳನ್ನು ಪಕ್ಕಕ್ಕೆ ಕರೆದು, ಕಾಗದದ ಮೇಲೆ ಸರಿಯಾದ ರೂಪ ಬರೆದುಕೊಟ್ಟರು. ಊಟದ ಬಿಡುವಿನಲ್ಲಿ ಫಲಕ ಬದಲಾಯಿತು. ಸಂಜೆಯ ಹೊತ್ತಿಗೆ ಕಥಾತಂಡದವರು ಉಳಿದ ಪರ್ಷಿಯನ್ ಮಾತುಗಳನ್ನೂ ಒಮ್ಮೆ ನೋಡಬಹುದೇ ಎಂದು ಕೇಳಿದರು. ನೋಡಿಕೊಟ್ಟರು, ಸಂಭಾವನೆಯಿಲ್ಲದೆ. ಮುಂದಿನ ಸಲವೂ ಹಾಗೆಯೇ. ಮೂರನೆಯ ಸಲ, ನಟನೆಯ ಕರಾರಿಗೆ ಸೇರಿಸದೆ ಭಾಷಾ ಸಲಹೆಗೆ ಬೇರೆಯೇ ಕಾಗದ ಮಾಡಿಸುವಂತೆ ಏಜೆಂಟಿಗೆ ಹೇಳಿದರು. ಪಾತ್ರವೇ ಕೈತಪ್ಪೀತೆಂದು ಏಜೆಂಟು ಹೆದರಿದರು. ತಪ್ಪಲಿಲ್ಲ. ಆ ಬೇರೆ ಕಾಗದವನ್ನು ನಾನು ಈ ವೃತ್ತಿಯ ಮೊದಲ ನಿಜವಾದ ತಿರುವೆಂದು ಎಣಿಸುತ್ತೇನೆ. ಅಲ್ಲಿಯವರೆಗೆ ಅವರ ಭಾಷೆ ಅವರ ಮುಖದ ಜೊತೆ ಪುಕ್ಕಟೆಯಾಗಿ ಬರುತ್ತಿದ್ದ ಸಾಮಾನಾಗಿತ್ತು.

ಇದರ ಬೆನ್ನಿಗೆ ಧ್ವನಿಮುದ್ರಣದ ಕೆಲಸಗಳೂ ಬಂದವು. ಚಿತ್ರೀಕರಣ ಮುಗಿದ ಮೇಲೆ ಬೀದಿ, ವಿಮಾನ ನಿಲ್ದಾಣ, ಕಚೇರಿಗಳ ಹಿನ್ನೆಲೆಯ ಗುಜುಗುಜು ಮಾತುಗಳನ್ನು ನಟರ ಗುಂಪೊಂದು ಸ್ಟುಡಿಯೋದಲ್ಲಿ ನಿಂತು ತುಂಬುತ್ತದೆ. ಮುಖ ಕಾಣದ, ಹೆಸರೂ ಬಾರದ ಕೆಲಸ, ಆದರೆ ಒಕ್ಕೂಟದ ದರದ್ದು. ವಿಮೆ ಮರಳಿ ಬಂದದ್ದು ಬಹುಮಟ್ಟಿಗೆ ಇದರಿಂದ.

ನೀನು ಮತ್ತು ನೀವು

ಎರಡನೆಯ ತಿರುವು ಕೆಲವು ವರ್ಷಗಳ ನಂತರದ್ದು. ಪಾತ್ರ ಮತ್ತೆ ಹಳೆಯದೇ: ಸೆರೆಸಿಕ್ಕ ಅಮೆರಿಕನ್ ಪ್ರಜೆಯ ಇರಾನಿ ಒಡನಾಡಿಯನ್ನು ವಿಚಾರಣೆ ಮಾಡುವ ಅಧಿಕಾರಿ. ಒಂದು ದೃಶ್ಯ, ಒಂದು ದಿನ, ಹೆಸರಿಲ್ಲ, ತುಂಬ ಕಿರುಚಾಟ. ಈ ಹೊತ್ತಿಗೆ ಅವರು ಸಾರಾಸಗಟು ನಿರಾಕರಣೆಯನ್ನು ಬಿಟ್ಟಿದ್ದರು. ಬದಲಿಗೆ ಪ್ರತಿ ಪಾತ್ರದಲ್ಲೂ ಒಂದೇ ಒಂದು ಬದಲಾವಣೆ ಕೇಳುವುದು, ಅದೂ ನಿರ್ಮಾಪಕರಿಗೆ ಕಾಸು ಖರ್ಚಾಗದಂಥದ್ದನ್ನು ಕೇಳುವುದು ಎಂದು ನಿಯಮ ಮಾಡಿಕೊಂಡಿದ್ದರು.

ಚಿತ್ರಕಥೆಯ ಇಂಗ್ಲಿಷಿನಲ್ಲಿ ಅಧಿಕಾರಿ ಸೆರೆಯಾಳನ್ನು ಸಂಬೋಧಿಸುವ ಪದ ಒಂದೇ. ಆ ಭಾಷೆಯಲ್ಲಿ ಬೇರೆ ಆಯ್ಕೆಯಿಲ್ಲ. ಪರ್ಷಿಯನ್‌ನಲ್ಲಿ ನಮ್ಮಲ್ಲಿರುವಂತೆಯೇ ‘ತೋ’ ಎಂದರೆ ನೀನು, ‘ಶೊಮಾ’ ಎಂದರೆ ನೀವು. ಭಾಷಾಂತರ ಮಾಡಿದವರು ಸಿಟ್ಟಿನ ದೃಶ್ಯವೆಂದು ‘ತೋ’ ಹಾಕಿದ್ದರು. ಇಡೀ ದೃಶ್ಯವನ್ನು ‘ಶೊಮಾ’ದಲ್ಲಿ, ದನಿ ಎತ್ತದೆ ಆಡುತ್ತೇನೆ ಎಂದು ನಟರು ಕೇಳಿಕೊಂಡರು. ಸೆರೆಯಾಳಿಗೆ ಕುರ್ಚಿ ತೋರಿಸಿ ‘ಬೆಫರ್ಮಾಯೀದ್’ ಎನ್ನುತ್ತಾರೆ. ನಮ್ಮ ‘ಫರ್ಮಾನು’ ಹುಟ್ಟಿದ ಧಾತುವಿನದೇ ಪದ. ಅತಿಥಿಗೆ ಊಟ ಬಡಿಸುವಾಗ, ಬಾಗಿಲಲ್ಲಿ ಮೊದಲು ನೀವು ಎಂದು ದಾರಿ ಬಿಡುವಾಗ ಇರಾನಿಯರು ಬಳಸುವ ಮಾತು. ಹೆಚ್ಚುಕಡಿಮೆ ನಮ್ಮ ‘ದಯಮಾಡಿಸಿ’. ಅಷ್ಟು ಉಪಚಾರದ ಮಾತನ್ನು ಅಂಥ ಕೋಣೆಯಲ್ಲಿ ಕೇಳಿದಾಗ ಏನಾಗುತ್ತದೆಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಠಾಣೆಯಲ್ಲಿ ಏಕವಚನಕ್ಕಿಂತ ಬಹುವಚನ ಹೆಚ್ಚು ಹೆದರಿಸುವ ಸಂದರ್ಭಗಳುಂಟು.

ಈ ಕೋರಿಕೆಯನ್ನು ಅವರು ಚಿತ್ರೀಕರಣದ ದಿನ ಎಲ್ಲರೆದುರು ಇಡಲಿಲ್ಲ. ವಾರದ ಮೊದಲೇ ಉಡುಪಿನ ಅಳತೆಗೆ ಹೋದಾಗ ವಸ್ತ್ರ ವಿನ್ಯಾಸಕಿಯ ಜೊತೆ ಅಧಿಕಾರಿಯ ಬಗ್ಗೆ ಮಾತಾಡಿದರು: ಈತ ಎಷ್ಟು ವರ್ಷ ಸರ್ಕಾರಿ ಕೆಲಸದಲ್ಲಿದ್ದಾನೆ, ಕನ್ನಡಕ ಯಾವ ಬಗೆಯದು, ಅಂಗಿಯ ಕೊರಳಗುಂಡಿ ಹಾಕಿರುತ್ತಾನೆಯೇ. ವಿನ್ಯಾಸಕಿ ಅದನ್ನು ಕಥಾತಂಡಕ್ಕೆ ಮುಟ್ಟಿಸಿದರು. ಅವರಿಂದ ಫೋನು ಬಂತು. ಇದು ಸಣ್ಣ ವಿವರವೆನಿಸಬಹುದು, ಆದರೆ ಇಡೀ ಪ್ರಕರಣದಲ್ಲಿ ಬೇರೆ ನಟರು ಅಕ್ಷರಶಃ ಅನುಸರಿಸಬಹುದಾದ ವಿವರ ಇದು. ಸೆಟ್ಟಿನಲ್ಲಿ ಪ್ರತಿ ನಿಮಿಷಕ್ಕೂ ಬೆಲೆಯಿರುವಾಗ ಒಂದು ದಿನದ ನಟ ಬಾಯಿ ತೆರೆದರೆ ಅದು ತಕರಾರು; ಅದೇ ಮಾತು ಅಳತೆಯ ಕೋಣೆಯಲ್ಲಿ ಆಡಿದರೆ ಸಿದ್ಧತೆ.

ದೃಶ್ಯ ಪ್ರಸಾರವಾಯಿತು. ಅಧಿಕಾರಿಗೆ ಒಂದು ಹೆಸರು ಬಂತು, ಆತ ನಾಲ್ಕು ಕಂತುಗಳಿಗೆ ಮರಳಿದ, ಅವುಗಳಲ್ಲೊಂದರಲ್ಲಿ ಮಗಳಿಗೆ ಗಣಿತ ಹೇಳಿಕೊಡುವ ದೃಶ್ಯವೂ ಇತ್ತು. ನಟರ ಹೆಸರು ಕಂತಿನ ಆರಂಭದಲ್ಲಿ ತೋರಿಸುವ ಹೆಸರುಗಳ ಪಟ್ಟಿಗೆ ಏರಿತು.

ಈ ಗೆಲುವಿನ ಬಗ್ಗೆ ಅವರ ಕಿರಿಯ ಸಹೋದ್ಯೋಗಿಯೊಬ್ಬರ ಆಕ್ಷೇಪವನ್ನೂ ದಾಖಲಿಸಬೇಕು: ಕೆಟ್ಟದಾಗಿ ಬರೆದ ಖಳನನ್ನು ನೋಡಿ ಪ್ರೇಕ್ಷಕ ನಕ್ಕುಬಿಡುತ್ತಾನೆ, ನೀವು ಅವನನ್ನು ನಂಬುವಂತೆ ಮಾಡಿದಿರಿ, ಹಾಗಾದರೆ ನೀವು ಸಹಾಯ ಮಾಡಿದ್ದು ಯಾರಿಗೆ? ನನಗೆ ಇದು ಅರ್ಧ ನಿಜವೆನಿಸುತ್ತದೆ. ಮಗಳ ಗಣಿತದ ದೃಶ್ಯವಿಲ್ಲದಿದ್ದರೆ ಪೂರ್ತಿ ನಿಜವಾಗುತ್ತಿತ್ತು. ನಟರು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ವಿಚಾರಣೆಯ ಕೋಣೆಯಲ್ಲಿ ನಿಜವಾಗಿ ಕುಳಿತಿದ್ದ ತಮ್ಮ ಸೋದರಸಂಬಂಧಿಯೊಬ್ಬ ಆ ಕಂತು ನೋಡಿ ಎದ್ದುಹೋದ ಎಂದಷ್ಟೇ ಹೇಳುತ್ತಾರೆ.

ಕೂಡಿಬಾರದ್ದು

ಕೇಳಿದ್ದೆಲ್ಲ ಸಿಗಲಿಲ್ಲ. ಒಮ್ಮೆ ಅಫ್ಘನ್ ದುಭಾಷಿಯ ಪಾತ್ರ ಬಂತು. ಅಫ್ಘಾನಿಸ್ತಾನದ ದರಿ ಮತ್ತು ಇರಾನಿನ ಪರ್ಷಿಯನ್ ಒಂದೇ ಭಾಷೆಯ ಎರಡು ರೂಪಗಳಾದರೂ ಉಚ್ಚಾರಣೆ ಬೇರೆ. ಇರಾನಿನಲ್ಲಿ ಸಿಂಹಕ್ಕೂ ಹಾಲಿಗೂ ‘ಶೀರ್’ ಎಂದೇ ಹೇಳುತ್ತಾರೆ. ದರಿಯಲ್ಲಿ ಹಾಲು ಶೀರ್, ಸಿಂಹ ಶೇರ್. ಭಾರತಕ್ಕೆ ಬಂದ ಪರ್ಷಿಯನ್ ಆ ಹಳೆಯ ಭೇದವನ್ನು ಉಳಿಸಿಕೊಂಡದ್ದರಿಂದಲೇ ನಮ್ಮ ಕಿವಿಗೂ ‘ಶೇರ್’ ಎಂದರೆ ಹುಲಿ-ಸಿಂಹಗಳ ನೆನಪು. ನಟರು ಇದನ್ನು ವಿವರಿಸಿ, ತಮಗಿಂತ ಕಾಬೂಲಿನಿಂದ ಬಂದ ನಟರೊಬ್ಬರು ಸೂಕ್ತ ಎಂದು ಸೂಚಿಸಿದರು. ನಿರ್ಮಾಣ ತಂಡ ಧನ್ಯವಾದ ಹೇಳಿ, ಇಬ್ಬರನ್ನೂ ಬಿಟ್ಟು, ಎರಡೂ ಗೊತ್ತಿಲ್ಲದ ಮೂರನೆಯವರನ್ನು ಆರಿಸಿಕೊಂಡಿತು. ಒಂದು ಬದಲಾವಣೆಯ ನಿಯಮವನ್ನು ಅಂದು ಮುರಿದಿದ್ದೆ, ಒಮ್ಮೆಗೇ ಇಡೀ ಪಾತ್ರವನ್ನು ತಿದ್ದಲು ಹೋಗಿದ್ದೆ ಎಂದು ಅವರು ಈಗ ಹೇಳುತ್ತಾರೆ. ನಿಯಮ ಪಾಲಿಸಿದ್ದರೂ ಅಂದು ಬೇರೇನೂ ಆಗುತ್ತಿರಲಿಲ್ಲ ಎಂಬುದು ನನ್ನ ಅಂದಾಜು.

ವಯಸ್ಸಿನ ಲೆಕ್ಕ ಇನ್ನೂ ಕಟುವಾದದ್ದು. ಪಿಂಚಣಿ ಪಡೆಯುತ್ತಿರುವ 65 ದಾಟಿದ ನಟರ ವಿಷಯದಲ್ಲಿ, ಮರುಪ್ರಸಾರದ ಸಂಭಾವನೆಯನ್ನು ವಿಮೆಯ ಅರ್ಹತೆಗೆ ಎಣಿಸದಂತೆ ಆರೋಗ್ಯ ನಿಧಿಯ ನಿಯಮ 2021ರಿಂದ ಬದಲಾಯಿತು. ಎಡ್ ಆಸ್ನರ್ ಮೊದಲಾದ ಹಿರಿಯ ನಟರು ಅದರ ವಿರುದ್ಧ ನ್ಯಾಯಾಲಯಕ್ಕೆ ಹೋಗಿದ್ದರು. ಮೂವತ್ತು ವರ್ಷಗಳ ಸಣ್ಣ ಪಾತ್ರಗಳು ಎಲ್ಲೆಲ್ಲೋ ಮರುಪ್ರಸಾರವಾಗುತ್ತ ಕಟ್ಟಿಕೊಟ್ಟಿದ್ದ ಆಸರೆ ನಮ್ಮ ನಟರಿಗೆ ಹೀಗೆ ತಪ್ಪಿತು. 2023ರಲ್ಲಿ 118 ದಿನಗಳ ಮುಷ್ಕರ ನಡೆದಾಗ ಅವರು ಮೊಣಕಾಲು ನೋವಿನಲ್ಲೂ ವಾರಕ್ಕೆರಡು ದಿನ ಫಲಕ ಹಿಡಿದು ನಿಂತರು. ಆ ಫಲಕದ ಒಂದು ಬದಿಯ ಪರ್ಷಿಯನ್ ಬರಹ ಅವರ ಕೈಯದೇ, ಅಕ್ಷರಗಳೆಲ್ಲ ಕೂಡಿಕೊಂಡಿದ್ದವು.

ಈಗ ಆಡಿಷನ್ ಎಂದರೆ ಮನೆಯ ಗೋಡೆಗೆ ಬಟ್ಟೆ ಕಟ್ಟಿ, ಹೆಂಡತಿಯಿಂದ ಎದುರು ಮಾತು ಓದಿಸಿ, ಫೋನಿನಲ್ಲಿ ಚಿತ್ರಿಸಿ ಕಳುಹಿಸುವುದು. ಅಳತೆಯ ಕೋಣೆಯಲ್ಲಿ ಸಿಗುತ್ತಿದ್ದ ಮಾತಿನ ಅವಕಾಶ ಕಡಿಮೆಯಾಗಿದೆ; ಅದಕ್ಕಾಗಿ ಅವರು ಒಂದು ಪ್ರಶ್ನೆಯನ್ನು ವಿಡಿಯೋ ಜೊತೆಗೇ ಬರೆದು ಕಳುಹಿಸುತ್ತಾರೆ. ಕಳೆದ ಬಾರಿ ಬಂದ ಪಾತ್ರ ‘ಟ್ಯಾಕ್ಸಿ ಚಾಲಕ ನಂಬರ್ 2’. ಹೆಸರು ಕೇಳುವ ಬದಲು ಈ ಸಲ ಅವರು, ನಂಬರ್ 1 ಯಾರು, ಇಬ್ಬರಿಗೂ ಪರಿಚಯವಿದೆಯೇ ಎಂದು ಕೇಳಿದರು. ಎರಡು ದಿನದ ನಂತರ ಉತ್ತರ ಬಂತು: ಮೊದಲನೆಯವನ ದೃಶ್ಯವನ್ನು ಹಿಂದಿನ ಕರಡಿನಲ್ಲೇ ಕತ್ತರಿಸಲಾಗಿದೆ, ಸಂಖ್ಯೆಯನ್ನು ತಿದ್ದಲು ಯಾರಿಗೂ ನೆನಪಾಗಿರಲಿಲ್ಲ.